ಪಕ್ಕದ ಮನೆಯ ಮೆಕ್ಸಿಕನ್ನರು ಟ್ರಂಪ್‌ಗೆ ಓಟು ಹಾಕಿದ್ದೇಕೆ?

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಹೈಸ್ಕೂಲು ಮೇಷ್ಟ್ರು, ಸಮಾಜ ವಿಜ್ಞಾನ ಪಾಠ ಮಾಡಿದವನು. ಮಗಳು, ಅಳಿಯ ಡಲ್ಲಾಸ್ ಹತ್ತಿರ ಇದ್ದಾರೆ, ಇಬ್ಬರೂ ಎಚ್-1ಬಿ ವೀಸಾದಲ್ಲಿ. 2024ರ ಚುನಾವಣೆ ಹೊತ್ತಿಗೆ ನಾವೂ ಅಲ್ಲೇ ಇದ್ದೆವು. ಪಕ್ಕದ ಮನೆಯವರು ಮೆಕ್ಸಿಕೊ ಮೂಲದವರು, ಬಹಳ ಒಳ್ಳೆಯ ಜನ. ಅವರ ಅಂಗಳದಲ್ಲಿ ಟ್ರಂಪ್ ಬೋರ್ಡು ನೋಡಿ ನನಗೆ ನಂಬಲಾಗಲಿಲ್ಲ. ತಮ್ಮವರನ್ನೇ ಗಡಿಪಾರು ಮಾಡುತ್ತೇನೆ ಎನ್ನುವವರಿಗೆ ಓಟು ಹಾಕುವುದು ಹೇಗೆ? ಇನ್ನೊಂದು ಸಂಗತಿ. ದಾಖಲೆಯಿಲ್ಲದ ವಲಸಿಗರಿಗೆ ಪೌರತ್ವ ಕೊಡಲು ಹೆಚ್ಚಿನ ಅಮೆರಿಕನ್ನರು ಒಪ್ಪುತ್ತಾರೆ ಎಂದು ಸಮೀಕ್ಷೆಗಳು ಹೇಳುತ್ತವಂತೆ. ಹಾಗಿದ್ದರೆ ಕಾನೂನು ಯಾಕೆ ಬರುತ್ತಿಲ್ಲ? ನಮ್ಮ ಮಕ್ಕಳ ಗ್ರೀನ್ ಕಾರ್ಡಿಗೂ ಇದಕ್ಕೂ ಏನಾದರೂ ಸಂಬಂಧ ಇದೆಯೇ?

ಉತ್ತರ: ಮೇಷ್ಟ್ರೇ, ನಿಮ್ಮ ಪ್ರಶ್ನೆಯಲ್ಲಿ 'ತಮ್ಮವರನ್ನೇ' ಎಂಬ ಮಾತಿದೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ನಿನ್ನೆ ಮೊನ್ನೆ ಗಡಿ ದಾಟಿ ಬಂದವರನ್ನು ನಿಮ್ಮ ಮಗಳ ನೆರೆಮನೆಯವರು ತಮ್ಮವರೆಂದು ಎಣಿಸುತ್ತಾರೆಯೇ? ಎಣಿಸಿಯೇ ಎಣಿಸುತ್ತಾರೆ ಎಂದು ಹೊರಗಿನಿಂದ ನೋಡುವ ನಾವು ಅಂದುಕೊಳ್ಳುತ್ತೇವೆ. ಅಮೆರಿಕದ ಎರಡೂ ಪಕ್ಷಗಳ ಚುನಾವಣಾ ಪಂಡಿತರು ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದರು.

ಟೆಕ್ಸಸ್‌ನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ವರ್ಷಗಳಲ್ಲಿ ಮತದಾರರ ಸಮೀಕ್ಷೆಗೆಂದು ನಾನು ರಿಯೊ ಗ್ರಾಂಡ್ ಕಣಿವೆಗೆ ಹಲವು ಸಲ ಹೋಗಿದ್ದೆ. ಆ ಕಣಿವೆಯಲ್ಲಿ ಸ್ಟಾರ್ ಕೌಂಟಿ ಎಂಬ ಸಣ್ಣ ಜಿಲ್ಲೆ ಇದೆ. ನದಿಯ ಆಚೆ ದಡ ಮೆಕ್ಸಿಕೊ. ನೂರರಲ್ಲಿ ಸುಮಾರು 97 ಜನ ಲ್ಯಾಟಿನೊಗಳು, ಅಂದರೆ ಮೆಕ್ಸಿಕೊ, ಕ್ಯೂಬಾದಂಥ ಲ್ಯಾಟಿನ್ ಅಮೆರಿಕದ ನಾಡುಗಳ ಮೂಲದವರು. ಅಲ್ಲಿಯ ಒಂದು ಮನೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಜಗಲಿಯ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಅಂಗಳದ ಹಗ್ಗದ ಮೇಲೆ ಒಗೆದು ಹಾಕಿದ ಬಟ್ಟೆಗಳ ನಡುವೆ ಹಸಿರು ಸಮವಸ್ತ್ರದ ಎರಡು ಅಂಗಿ ಒಣಗುತ್ತಿದ್ದವು. ಅವು ಮೊಮ್ಮಗನವು, ಅವನು ಗಡಿ ಕಾಯುವ ಬಾರ್ಡರ್ ಪೆಟ್ರೋಲ್‌ನಲ್ಲಿ ಕೆಲಸದಲ್ಲಿದ್ದ. ಅಜ್ಜಿ ಹರೆಯದಲ್ಲಿ ಅದೇ ನದಿಯನ್ನು ದಾಟಿ, ಕಾಗದಪತ್ರ ಇಲ್ಲದೆ ಬಂದವರು. ಈರುಳ್ಳಿ ಹೊಲಗಳಲ್ಲಿ ದುಡಿದವರು. 1986ರ ಕಾನೂನಿನಲ್ಲಿ ಅವರ ವಾಸ ಸಕ್ರಮವಾಯಿತು, ಆಮೇಲೆ ಪೌರತ್ವ ಬಂತು. ಮಗ ಮಿಡ್‌ಲ್ಯಾಂಡ್ ಕಡೆಯ ಎಣ್ಣೆ ಬಾವಿಗಳಲ್ಲಿ ಎರಡು ವಾರ ದುಡಿದು ಒಂದು ವಾರ ಮನೆಗೆ ಬರುವವನು.

ನಾನು ನನ್ನ ಪಟ್ಟಿಯಲ್ಲಿದ್ದ ಪ್ರಶ್ನೆ ಕೇಳಿದೆ: ದಾಖಲೆಯಿಲ್ಲದವರನ್ನು ಏನು ಮಾಡಬೇಕು? ಅಜ್ಜಿ ಸ್ಪ್ಯಾನಿಷ್‌ನಲ್ಲಿ ಹೇಳಿದ್ದನ್ನು ಮಗ ಇಂಗ್ಲಿಷಿಗೆ ತಂದ. "ನನ್ನ ತಂಗಿ ಹ್ಯೂಸ್ಟನ್‌ನಲ್ಲಿ ಮೂವತ್ತು ವರ್ಷದಿಂದ ಜನರ ಮನೆ ಗುಡಿಸುತ್ತಿದ್ದಾಳೆ. ಅವಳಿಗೆ ಕಾಗದ ಕೊಡಬೇಕು. ಈಗ ಬರುತ್ತಿದ್ದಾರಲ್ಲ, ಇವರನ್ನು ತಡೆಯಬೇಕು." ಎರಡೂ ಮಾತು ಒಂದೇ ಉಸಿರಿನಲ್ಲಿ ಬಂದವು. ನನ್ನ ಫಾರಂನಲ್ಲಿ ಒಂದೇ ಗೀಟು ಹಾಕಲು ಜಾಗ ಇತ್ತು. ಎಲ್ಲಿ ಹಾಕಲಿ ಎಂದು ಪೆನ್ನು ಹಿಡಿದು ಕೂತೆ. ಆಮೇಲೆ ಮಗನನ್ನು ಕೇಳಿದೆ, ಓಟು ಹಾಕುವಾಗ ನಿಮಗೆ ಯಾವುದು ಮುಖ್ಯ ಎಂದು. ಅವನ ಬಾಯಲ್ಲಿ ವಲಸೆಯ ಮಾತೇ ಬರಲಿಲ್ಲ. ಎಣ್ಣೆ ಬಾವಿ ಮುಚ್ಚಿಸುತ್ತಾರೋ ಏನೋ ಎಂಬುದೊಂದು, ಟ್ರಕ್ಕಿನ ಕಂತು ಇನ್ನೊಂದು.

ಆ ಕೌಂಟಿಯ ಲೆಕ್ಕ ನೋಡಿ. 2012ರಲ್ಲಿ ಒಬಾಮ ಅಲ್ಲಿ ಶೇ. 86 ಮತ ಪಡೆದಿದ್ದರು. 2016ರಲ್ಲಿ ಹಿಲರಿ ಕ್ಲಿಂಟನ್ ಶೇ. 79. 2020ರಲ್ಲಿ ಬೈಡನ್ ಶೇ. 52ಕ್ಕೆ ಇಳಿದರು. 2024ರಲ್ಲಿ ಟ್ರಂಪ್ ಶೇ. 58ರ ಆಸುಪಾಸಿನಲ್ಲಿ ಗೆದ್ದರು. ಅಲ್ಲಿ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷ ಅದಕ್ಕೆ ಮೊದಲು ಗೆದ್ದದ್ದು 1892ರಲ್ಲಿ. ಗೋಡೆ ಕಟ್ಟುತ್ತೇನೆ ಎಂದ ಮನುಷ್ಯ, ಗೋಡೆ ಎಲ್ಲಿ ಏಳುತ್ತದೋ ಅಲ್ಲೇ ಗೆದ್ದ. ಇದನ್ನು ಮೋಸ ಹೋದವರ ಮತ ಎಂದು ತಳ್ಳಿಹಾಕುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಆ ಜಗಲಿಯಲ್ಲಿ ಕೂತವರಿಗೆ ತಮ್ಮ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ನಮಗಿರಲಿಲ್ಲ.

ಮೊದಲು 'ಲ್ಯಾಟಿನೊ' ಎನ್ನುವ ಪದವನ್ನೇ ಸ್ವಲ್ಪ ಬಿಡಿಸಬೇಕು. ಅಮೆರಿಕದಲ್ಲಿ ಈಗ ಸುಮಾರು 6.5 ಕೋಟಿ ಲ್ಯಾಟಿನೊ ಜನ ಇದ್ದಾರೆ. 2024ರಲ್ಲಿ ಅವರಲ್ಲಿ ಮತದ ಹಕ್ಕಿದ್ದವರು ಸುಮಾರು 3.6 ಕೋಟಿ. ಅಂದರೆ ದೇಶದ ಒಟ್ಟು ಮತದಾರರಲ್ಲಿ ಏಳು ಜನರಲ್ಲಿ ಒಬ್ಬರು. ಉಳಿದವರು ಮಕ್ಕಳು, ಗ್ರೀನ್ ಕಾರ್ಡಿನವರು, ದಾಖಲೆ ಇಲ್ಲದವರು. ಮತದಾರರ ಪೈಕಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದವರು. ಕೆಲವರ ಮನೆತನ ಟೆಕ್ಸಸ್, ನ್ಯೂ ಮೆಕ್ಸಿಕೊ ಪ್ರದೇಶಗಳು ಮೆಕ್ಸಿಕೊಗೆ ಸೇರಿದ್ದ ಕಾಲದ್ದು. 'ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು' ಎಂದು ಅವರು ಹೇಳುವುದುಂಟು. ಪೋರ್ಟೊ ರಿಕೊದವರಿಗೆ ವಲಸೆ ಕಾನೂನು ಅನ್ವಯಿಸುವುದೇ ಇಲ್ಲ, 1917ರಿಂದ ಅವರು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ಮಯಾಮಿಯ ಕ್ಯೂಬನ್ನರಿಗೆ 1966ರಿಂದ ಬೇರೆಯದೇ ಕಾನೂನಿದೆ. ನೆಲಕ್ಕೆ ಕಾಲಿಟ್ಟು ಒಂದು ವರ್ಷ ಕಳೆದರೆ ಗ್ರೀನ್ ಕಾರ್ಡ್ ಕೇಳುವ ಹಕ್ಕು ದಶಕಗಳ ಕಾಲ ಅವರ ಕೈಯಲ್ಲಿತ್ತು. ಇಷ್ಟೂ ಜನರ ತಲೆಯ ಮೇಲೆ 'ವಲಸಿಗರ ಮತ' ಎಂಬ ಒಂದೇ ಟೋಪಿ ಇಟ್ಟರೆ ಯಾರ ತಲೆಗೂ ಅದು ಕೂರುವುದಿಲ್ಲ.

ಹಳಬರಿಗೂ ಹೊಸಬರಿಗೂ ನಡುವಿನ ಈ ತಿಕ್ಕಾಟ ಇಂದಿನದೂ ಅಲ್ಲ. ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳ ಕೂಲಿಗಾರರನ್ನು ಸಂಘಟಿಸಿದ ಸೀಸರ್ ಚಾವೆಸ್ ಹೆಸರನ್ನು ನೀವು ಕೇಳಿರಬಹುದು. ಗಾಂಧೀಜಿಯಿಂದ ಸ್ಫೂರ್ತಿ ಪಡೆದು ಉಪವಾಸ ಕೂತವರು. ಅದೇ ಚಾವೆಸ್ 1970ರ ದಶಕದಲ್ಲಿ, ತೋಟದ ಮಾಲೀಕರು ಮುಷ್ಕರ ಮುರಿಯಲು ಗಡಿಯಾಚೆಯಿಂದ ದಾಖಲೆಯಿಲ್ಲದ ಕೂಲಿಗಳನ್ನು ತರಿಸುತ್ತಾರೆ ಎಂದು ಅಂಥವರ ವಿರುದ್ಧ ಬಹಿರಂಗವಾಗಿ ನಿಂತಿದ್ದರು. ಕೂಲಿಯ ದರ ಬೀಳುವುದು ಮೊದಲು ಬಂದವರ ಬೆನ್ನ ಮೇಲೆಯೇ ಅಲ್ಲವೇ?

ಹಾಗಾದರೆ ವಲಸೆಯ ವಿಷಯ ಲ್ಯಾಟಿನೊ ಮತಕ್ಕೆ ಲೆಕ್ಕಕ್ಕೇ ಇಲ್ಲವೇ ಎಂದು ಕೇಳುತ್ತೀರಿ. ಇದೆ, ಮೇಷ್ಟ್ರೇ, ಬಹಳ ಇದೆ. ಆದರೆ ಅದು ಮನೆಯ ಹೊಸಿಲಿನ ಹಾಗೆ. ಹೊಸಿಲಲ್ಲೇ ನಿನ್ನನ್ನು ಅವಮಾನ ಮಾಡಿದವನ ಮಾತನ್ನು ನೀನು ಮುಂದೆ ಕೇಳುವುದಿಲ್ಲ. ಅವಮಾನ ಮಾಡದೆ ಒಳಗೆ ಬಂದವನ ಜೊತೆ ಮಾತು ಅಕ್ಕಿಬೇಳೆ, ಆಸ್ಪತ್ರೆ, ಮಕ್ಕಳ ಓದಿನ ಕಡೆ ಹೋಗುತ್ತದೆ. ವಲಸೆಯ ಪ್ರಶ್ನೆ ಎರಡೇ ಸಂದರ್ಭದಲ್ಲಿ ಲ್ಯಾಟಿನೊ ಮತವನ್ನು ಇಡಿಯಾಗಿ ತಿರುಗಿಸಿದೆ. ಒಂದು, 'ನೀವೆಲ್ಲ ಹೊರಗಿನವರು' ಎಂಬ ಮಾತು ಪೌರರ ಕಿವಿಗೂ ಬಿದ್ದಾಗ. ಇನ್ನೊಂದು, ಪೊಲೀಸು ತಮ್ಮದೇ ಬೀದಿಗೆ ಬಂದಾಗ.

ಮೊದಲನೆಯದಕ್ಕೆ ಕ್ಯಾಲಿಫೋರ್ನಿಯಾದ ಕಥೆ ಸಾಕು. ಇದು ನನಗೆ ಅತ್ಯಂತ ಪ್ರಿಯವಾದ ಪಾಠ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1986ರ ನವೆಂಬರ್ 6ರಂದು ಅಧ್ಯಕ್ಷ ರೇಗನ್, ನೆನಪಿಡಿ, ರಿಪಬ್ಲಿಕನ್ ರೇಗನ್, ಒಂದು ಕಾನೂನಿಗೆ ಸಹಿ ಹಾಕಿದರು. ನಮ್ಮಲ್ಲಿ ಹೇಳುವ 'ಅಕ್ರಮ-ಸಕ್ರಮ' ಇದೆಯಲ್ಲ, ಥೇಟ್ ಅದೇ. 1982ರ ಜನವರಿ 1ಕ್ಕೆ ಮೊದಲಿನಿಂದ ಅಮೆರಿಕದಲ್ಲೇ ಇದ್ದೇನೆ ಎಂದು ತೋರಿಸಿದವರಿಗೂ, ಹೊಲಗಳಲ್ಲಿ ಇಂತಿಷ್ಟು ದಿನ ದುಡಿದವರಿಗೂ ಹಂತ ಹಂತವಾಗಿ ಗ್ರೀನ್ ಕಾರ್ಡ್. ಸುಮಾರು 27 ಲಕ್ಷ ಜನ ಸಕ್ರಮವಾದರು. ಬದಲಿಗೆ, ಇನ್ನು ಮುಂದೆ ದಾಖಲೆಯಿಲ್ಲದವರನ್ನು ಕೆಲಸಕ್ಕಿಟ್ಟ ಮಾಲೀಕರಿಗೆ ಶಿಕ್ಷೆ ಎಂದು ಕಾನೂನು ಹೇಳಿತು. ಸಕ್ರಮ ನಡೆಯಿತು, ಶಿಕ್ಷೆ ಹೆಸರಿಗಷ್ಟೇ ಉಳಿಯಿತು. 'ಒಮ್ಮೆ ಕ್ಷಮಿಸಿದೆವು, ಮತ್ತೆ ಅಷ್ಟೇ ಜನ ಬಂದರು' ಎಂದು ವಿರೋಧಿಗಳು ಇವತ್ತಿಗೂ ಹೇಳುವ ವಾದಕ್ಕೆ ಬೇರು ಅಲ್ಲಿದೆ, ಮತ್ತು ಆ ವಾದದಲ್ಲಿ ಸತ್ಯಾಂಶ ಇದೆ.

ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷವಾದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಹಾಗಾಗಿ 1986ರಲ್ಲಿ ಸಕ್ರಮವಾದವರಿಗೆ ಆ ಬಾಗಿಲು ತೆರೆದದ್ದು 1990ರ ದಶಕದ ನಡುವಿಗೆ. ಸರಿಯಾಗಿ ಅದೇ ಹೊತ್ತಿಗೆ, 1994ರ ನವೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ 'ಪ್ರೊಪೊಸಿಷನ್ 187' ಎಂಬ ಪ್ರಸ್ತಾವ ಜನಮತಕ್ಕೆ ಬಂತು. ದಾಖಲೆಯಿಲ್ಲದವರ ಮಕ್ಕಳಿಗೆ ಸರ್ಕಾರಿ ಶಾಲೆ ಇಲ್ಲ, ತುರ್ತು ಅಲ್ಲದ ಚಿಕಿತ್ಸೆ ಇಲ್ಲ, ಅನುಮಾನ ಬಂದವರ ಬಗ್ಗೆ ಮೇಷ್ಟ್ರು, ಡಾಕ್ಟರು ವರದಿ ಮಾಡಬೇಕು. ನೀವು ಮೇಷ್ಟ್ರಾಗಿದ್ದವರು, ಹಾಜರಿ ಪುಸ್ತಕ ಹಿಡಿದು ಆ ಕೆಲಸ ಮಾಡುವುದನ್ನು ಒಮ್ಮೆ ಕಲ್ಪಿಸಿಕೊಳ್ಳಿ. ರಿಪಬ್ಲಿಕನ್ ಗವರ್ನರ್ ಪೀಟ್ ವಿಲ್ಸನ್ ಅದನ್ನೇ ತಮ್ಮ ಮರುಆಯ್ಕೆಯ ಪ್ರಚಾರದ ಮುಖ್ಯ ವಿಷಯ ಮಾಡಿಕೊಂಡರು. ಜನ ಗಡಿ ಚೆಕ್‌ಪೋಸ್ಟಿನಲ್ಲಿ ರಸ್ತೆ ಮೇಲೆ ಓಡುವ ದೃಶ್ಯದ ಟಿವಿ ಜಾಹೀರಾತು ಬಂತು. ಪ್ರಸ್ತಾವ ಶೇ. 59 ಮತದಿಂದ ಗೆದ್ದಿತು, ವಿಲ್ಸನ್ ಗೆದ್ದರು. ಕೋರ್ಟು ಅದನ್ನು ತಡೆಯಿತು.

ಗೆದ್ದವರು ಅಂದು ಕಾಣದೇ ಹೋದದ್ದು ಏನೆಂದರೆ, ಪೌರತ್ವದ ಅರ್ಜಿ ತುಂಬಲು ಕಚೇರಿಗಳ ಮುಂದೆ ಬೆಳೆಯುತ್ತಿದ್ದ ಸಾಲುಗಳನ್ನು. ಅದುವರೆಗೆ 'ಆಮೇಲೆ ನೋಡಿದರಾಯಿತು' ಎಂದಿದ್ದವರು ಪ್ರಜೆಗಳಾದರು, ಪ್ರಜೆಗಳಾದವರು ಮತದಾರರಾದರು. 1968ರಿಂದ 1988ರವರೆಗೆ ಪ್ರತಿ ಅಧ್ಯಕ್ಷ ಚುನಾವಣೆಯಲ್ಲೂ ರಿಪಬ್ಲಿಕನ್ನರನ್ನು ಗೆಲ್ಲಿಸಿದ್ದ ಕ್ಯಾಲಿಫೋರ್ನಿಯಾ 1992ರಲ್ಲಿ ಕೈತಪ್ಪಿತ್ತು. ಅದು ಮರಳಿ ಬರುವ ದಾರಿಯನ್ನು ಮುಚ್ಚಿದ್ದರಲ್ಲಿ 187ರ ಪಾಲು ದೊಡ್ಡದು. ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿ ಮನೆಗೆ ಮರಳಿದ್ದ ಅಲೆಕ್ಸ್ ಪಡಿಯಾ ಎಂಬ ಯುವಕ ಆ ಪ್ರಚಾರದ ಕಾರಣಕ್ಕೇ ರಾಜಕೀಯಕ್ಕೆ ಇಳಿದರು. ಅಪ್ಪ ಹೋಟೆಲಿನಲ್ಲಿ ಅಡುಗೆಯವರು, ಅಮ್ಮ ಮನೆಗೆಲಸದವರು, ಇಬ್ಬರೂ ಮೆಕ್ಸಿಕೊದಿಂದ ಬಂದವರು. 2021ರಿಂದ ಅವರು ಅಮೆರಿಕದ ಸೆನೆಟರ್.

ಈ ಕಥೆಯಿಂದ ಡೆಮಾಕ್ರಟರು ಕಲಿತ ಪಾಠ ಅರ್ಧ ತಪ್ಪು. ಲ್ಯಾಟಿನೊ ಜನಸಂಖ್ಯೆ ಬೆಳೆದಂತೆಲ್ಲ ದೇಶವೇ ಕ್ಯಾಲಿಫೋರ್ನಿಯಾ ಆಗುತ್ತದೆ, ಮತ ತಾನಾಗಿ ಬಂದು ಬೀಳುತ್ತದೆ ಎಂದು ನಂಬಿದರು. 2012ರಲ್ಲಿ ಒಬಾಮಗೆ ಶೇ. 71 ಲ್ಯಾಟಿನೊ ಮತ ಬಂದಾಗ ಆ ನಂಬಿಕೆ ಗಟ್ಟಿಯಾಯಿತು. ಆ ವರ್ಷ ಎದುರಾಳಿ ಮಿಟ್ ರಾಮ್ನಿ, ಬದುಕು ಕಷ್ಟವಾದರೆ ದಾಖಲೆಯಿಲ್ಲದವರು ತಾವೇ ತಮ್ಮನ್ನು ಗಡಿಪಾರು ಮಾಡಿಕೊಳ್ಳುತ್ತಾರೆ ಎಂಬರ್ಥದ ಮಾತಾಡಿದ್ದರು. ಅವರಿಗೆ ಸಿಕ್ಕಿದ್ದು ಶೇ. 27. ಸೋತ ರಿಪಬ್ಲಿಕನ್ ಪಕ್ಷವೇ 2013ರ ಮಾರ್ಚ್‌ನಲ್ಲಿ ಆತ್ಮಾವಲೋಕನದ ವರದಿ ತಂದು, ಸಮಗ್ರ ವಲಸೆ ಸುಧಾರಣೆಯನ್ನು ಒಪ್ಪದೆ ಗತಿಯಿಲ್ಲ ಎಂದಿತು. ಟ್ರಂಪ್ ಅದಕ್ಕೆ ತದ್ವಿರುದ್ಧ ನಡೆದರು. ಹಾಗಿದ್ದೂ ಅವರ ಲ್ಯಾಟಿನೊ ಮತ 2016ರಿಂದ 2020ಕ್ಕೆ, 2020ರಿಂದ 2024ಕ್ಕೆ ಏರುತ್ತಲೇ ಹೋಯಿತು.

ಎಷ್ಟು ಏರಿತು ಎನ್ನುವಲ್ಲಿ ಸ್ವಲ್ಪ ಎಚ್ಚರ ಬೇಕು. 2024ರಲ್ಲಿ ಟ್ರಂಪ್‌ಗೆ ಲ್ಯಾಟಿನೊ ಮತ ಶೇ. 46 ಎಂದು ಮತಗಟ್ಟೆಯ ಎಕ್ಸಿಟ್ ಪೋಲ್ ಹೇಳಿತು. ಸುದ್ದಿಸಂಸ್ಥೆ ಎಪಿಯ ಸಮೀಕ್ಷೆ ಶೇ. 43ರ ಸುತ್ತ ಎಂದಿತು. ಪ್ಯೂ ಸಂಶೋಧನಾ ಕೇಂದ್ರ, ಯಾರು ನಿಜಕ್ಕೂ ಮತ ಹಾಕಿದ್ದಾರೆ ಎಂದು ಸರ್ಕಾರಿ ಮತದಾರರ ದಾಖಲೆಗೆ ತಾಳೆ ಹಾಕಿ ನೋಡಿ, ಶೇ. 48 ಎಂದಿತು. ಕಮಲಾ ಹ್ಯಾರಿಸ್‌ಗೆ 51. ನನಗೆ ಪ್ಯೂ ಲೆಕ್ಕದ ಮೇಲೆ ಹೆಚ್ಚು ನಂಬಿಕೆ, ಕಾರಣ ಆ ತಾಳೆ ಹಾಕುವ ಕೆಲಸ. ಸಾವಿರ ಜನರ ಸಾಮಾನ್ಯ ಸಮೀಕ್ಷೆಯಲ್ಲಿ ಲ್ಯಾಟಿನೊ ಮತದಾರರು ನೂರು-ನೂರೈವತ್ತು ಜನ ಇರುತ್ತಾರೆ. ಅಷ್ಟು ಕಡಿಮೆ ಜನರಿಂದ ತೆಗೆದ ಅಂಕಿ ಎಂಟು-ಹತ್ತು ಅಂಕ ಆಚೀಚೆ ಆಗುವುದು ಗಣಿತದ ಸಹಜ ನಿಯಮ. ಸ್ಪ್ಯಾನಿಷ್‌ನಲ್ಲಿ ಮಾತಾಡುವವರನ್ನು ಸ್ಪ್ಯಾನಿಷ್‌ನಲ್ಲೇ ಕೇಳದಿದ್ದರೆ ಉತ್ತರ ಇನ್ನೂ ವಾಲುತ್ತದೆ. ಮುಂದಿನ ಸಲ ಟಿವಿಯಲ್ಲಿ 'ಲ್ಯಾಟಿನೊಗಳು ಇಷ್ಟು ಶೇಕಡಾ ತಿರುಗಿಬಿದ್ದರು' ಎಂಬ ಸುದ್ದಿ ಕಂಡರೆ, ಎಷ್ಟು ಜನರನ್ನು, ಯಾವ ಭಾಷೆಯಲ್ಲಿ ಕೇಳಿದರು ಎಂದು ಮೊದಲು ನೋಡಿ. ಆದರೆ ದಿಕ್ಕಿನ ಬಗ್ಗೆ ಜಗಳವಿಲ್ಲ, ಮೂರೂ ಲೆಕ್ಕ ಒಂದೇ ಕಡೆ ಬೆರಳು ತೋರಿಸುತ್ತವೆ.

ಕಾರಣಗಳಲ್ಲಿ ಬೆಲೆಯೇರಿಕೆ ಮೊದಲನೆಯದು. 2022ರ ಜೂನ್‌ನಲ್ಲಿ ಹಣದುಬ್ಬರ ಶೇ. 9.1 ಮುಟ್ಟಿತ್ತು. ದಿನಗೂಲಿ, ವಾರದ ಸಂಬಳದ ಮನೆಗಳಿಗೆ ಅದು ಬಿದ್ದ ಏಟು ದೊಡ್ಡದು, ಮತ್ತು ಲ್ಯಾಟಿನೊ ಕುಟುಂಬಗಳಲ್ಲಿ ಅಂಥವು ಬಹಳ. ಲಾಸ್ ವೇಗಸ್‌ನ ಹೋಟೆಲು, ಕ್ಯಾಸಿನೊ ಕೆಲಸಗಾರರ ಮುಂದೆ ಟ್ರಂಪ್ 'ಟಿಪ್ಸ್ ಹಣಕ್ಕೆ ತೆರಿಗೆ ಇಲ್ಲ' ಎಂದಾಗ ಅದು ಅವರ ಜೇಬಿಗೆ ನೇರ ಮುಟ್ಟುವ ಮಾತಾಗಿತ್ತು.

ಎರಡನೆಯ ಕಾರಣ ಹೊರಗೆ ಅಷ್ಟಾಗಿ ಚರ್ಚೆಯಾಗಲಿಲ್ಲ, ನನಗೆ ಮಾತ್ರ ಇದೇ ಹೆಚ್ಚು ನೋವು ಕೊಡುತ್ತದೆ. 2023ರ ಡಿಸೆಂಬರ್ ಒಂದೇ ತಿಂಗಳಲ್ಲಿ ದಕ್ಷಿಣ ಗಡಿಯಲ್ಲಿ ಬಾರ್ಡರ್ ಪೆಟ್ರೋಲ್ ತಡೆದ ಪ್ರಕರಣಗಳು ಸುಮಾರು ಎರಡೂವರೆ ಲಕ್ಷ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೈಡನ್ ಸರ್ಕಾರ ಸುಮಾರು 4.7 ಲಕ್ಷ ವೆನೆಜುವೆಲಾದವರಿಗೆ ತಾತ್ಕಾಲಿಕ ರಕ್ಷಣೆ, ಕೆಲಸದ ಪರವಾನಗಿ ಕೊಡುವ ದಾರಿ ತೆರೆಯಿತು. ಅವರ ದೇಶದ ಸ್ಥಿತಿ ನೋಡಿದರೆ ಅದು ಸರಿಯಾದ ಕೆಲಸ. ಆದರೆ ಇಪ್ಪತ್ತೈದು ವರ್ಷದಿಂದ ತೆರಿಗೆ ಕಟ್ಟಿ, ಮಕ್ಕಳನ್ನು ಅಲ್ಲೇ ಓದಿಸಿ, ಇನ್ನೂ ಒಂದು ಲೈಸೆನ್ಸಿಗೂ ಗತಿಯಿಲ್ಲದ ಮೆಕ್ಸಿಕನ್ ಅಕ್ಕನೊಬ್ಬಳು ಮನೆಯಲ್ಲಿದ್ದರೆ, ಆ ಮನೆಯ ಮತದಾರ ಮಗನಿಗೆ ಏನನ್ನಿಸುತ್ತದೆ? ಸರದಿಯಲ್ಲಿ ನಿಂತವರನ್ನು ಬಿಟ್ಟು ಹಿಂದೆ ಬಂದವರನ್ನು ಕರೆದರು ಎನ್ನಿಸುತ್ತದೆ. ಹ್ಯೂಸ್ಟನ್‌ನಲ್ಲಿ ಮನೆ ಗುಡಿಸುವ ಆ ತಂಗಿ ಇದ್ದಳಲ್ಲ, ಅಜ್ಜಿಯ ಮಾತಿನ ಎರಡೂ ಅರ್ಧವನ್ನು ಜೋಡಿಸುವುದು ಅವಳೇ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಸಾರ್ವಜನಿಕರು ಒಪ್ಪುತ್ತಾರೆ ಎಂದರೆ ಕಾನೂನು ಏಕಿಲ್ಲ?

ಗ್ಯಾಲಪ್ ಸಂಸ್ಥೆ 2024ರ ಜೂನ್‌ನಲ್ಲಿ ಕೇಳಿದಾಗ, ವಲಸೆಯನ್ನು ಕಡಿಮೆ ಮಾಡಬೇಕು ಎಂದವರು ಶೇ. 55. 2001ರ ನಂತರ ಅಷ್ಟು ಜನ ಹಾಗೆ ಹೇಳಿರಲಿಲ್ಲ. ಅಕ್ರಮವಾಗಿ ಇರುವ ಎಲ್ಲರನ್ನೂ ಗಡಿಪಾರು ಮಾಡಿ ಎಂದವರು ಶೇ. 47. ಆದರೆ ಅದೇ ಸಮೀಕ್ಷೆಯಲ್ಲಿ, ಶರತ್ತು ಪೂರೈಸಿದರೆ ಅವರಿಗೆ ಪೌರತ್ವದ ದಾರಿ ಕೊಡಬಹುದು ಎಂದವರು ಶೇ. 70. ಕೂಡಿ ನೋಡಿ, ನೂರು ದಾಟುತ್ತದೆ. ಎರಡಕ್ಕೂ 'ಹೌದು' ಎಂದವರು ಹಲವರಿದ್ದಾರೆ. ಒಂದೇ ಮನಸ್ಸು ಗಡಿಯ ಗಲಾಟೆ ನೆನೆದಾಗ ಒಂದು ಹೇಳುತ್ತದೆ, ಪಕ್ಕದ ಮನೆಯ ಹುಡುಗನನ್ನು ನೆನೆದಾಗ ಇನ್ನೊಂದು ಹೇಳುತ್ತದೆ. ಹಾಗಾಗಿ ಯಾವ ರಾಜಕಾರಣಿಯೂ ತನಗೆ ಬೇಕಾದ ಅಂಕಿ ಎತ್ತಿ ತೋರಿಸಬಹುದು, ಯಾರೂ ಸುಳ್ಳು ಹೇಳಿದ ಹಾಗಾಗುವುದಿಲ್ಲ.

ಒಂದು ವರ್ಷ ಬಿಟ್ಟು, 2025ರ ಜೂನ್‌ನಲ್ಲಿ, ಗ್ಯಾಲಪ್ ಮತ್ತೆ ಕೇಳಿತು. ಆಗ ಟ್ರಂಪ್ ಅಧಿಕಾರಕ್ಕೆ ಬಂದು ಗಡಿ ಹೆಚ್ಚುಕಡಿಮೆ ಮುಚ್ಚಿತ್ತು, ಊರೊಳಗಿನ ದಾಳಿಗಳು ಶುರುವಾಗಿದ್ದವು. ವಲಸೆ ಕಡಿಮೆಯಾಗಲಿ ಎಂದವರು 55ರಿಂದ 30ಕ್ಕೆ ಇಳಿದರು. ವಲಸೆ ದೇಶಕ್ಕೆ ಒಳ್ಳೆಯದು ಎಂದವರು ಶೇ. 79, ಅದು ಗ್ಯಾಲಪ್‌ನ ದಾಖಲೆ. ಎಲ್ಲರನ್ನೂ ಗಡಿಪಾರು ಮಾಡಿ ಎಂದವರು 38ಕ್ಕೆ ಇಳಿದರು. ಬಚ್ಚಲುಮನೆಯ ಗೀಸರ್ ನೀರು ಕಾದಾಗ ತಾನಾಗಿ ಆರಿ, ತಣ್ಣಗಾದಾಗ ಮತ್ತೆ ಹೊತ್ತಿಕೊಳ್ಳುತ್ತದಲ್ಲ, ಜನಾಭಿಪ್ರಾಯವೂ ಹಾಗೆ. ಸರ್ಕಾರ ಒಂದು ಕಡೆ ಜಾಸ್ತಿ ವಾಲಿದರೆ ಜನ ಇನ್ನೊಂದು ಕಡೆ ವಾಲುತ್ತಾರೆ. ರಾಜ್ಯಶಾಸ್ತ್ರದಲ್ಲಿ ಇದನ್ನು ಥರ್ಮೋಸ್ಟಾಟ್ ಮಾದರಿ ಎಂದೇ ಕರೆಯುತ್ತೇವೆ. ಬೈಡನ್ ಕಾಲದ ಕೋಪವನ್ನು ದೇಶದ ಶಾಶ್ವತ ಮನಸ್ಸು ಎಂದು ಓದಿದವರೂ ತಪ್ಪಿದರು. ಟ್ರಂಪ್ ಕಾಲದ ಮರುಕವನ್ನು ಹಾಗೆ ಓದುವವರೂ ತಪ್ಪುತ್ತಾರೆ.

ಆದರೆ ಕಾನೂನು ಬೀಳುವುದು ಸಮೀಕ್ಷೆಯಲ್ಲಲ್ಲ, ಸದನದಲ್ಲಿ. 2007ರ ಜೂನ್‌ನಲ್ಲಿ ರಿಪಬ್ಲಿಕನ್ ಅಧ್ಯಕ್ಷ ಬುಷ್, ಡೆಮಾಕ್ರಟ್ ಟೆಡ್ ಕೆನಡಿ ಕೈಜೋಡಿಸಿದ ಮಸೂದೆ ಸೆನೆಟ್‌ನಲ್ಲಿ 46–53ರಲ್ಲಿ ಬಿತ್ತು. ಅಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲು ನೂರರಲ್ಲಿ 60 ಜನರ ಒಪ್ಪಿಗೆ ಬೇಕು, 51 ಸಾಲದು. 2010ರ ಡಿಸೆಂಬರ್‌ನಲ್ಲಿ, ಚಿಕ್ಕಂದಿನಲ್ಲೇ ಅಪ್ಪ ಅಮ್ಮನ ಜೊತೆ ಬಂದ ಮಕ್ಕಳಿಗೆ ದಾರಿ ಮಾಡುವ 'ಡ್ರೀಮ್' ಮಸೂದೆಗೆ 55 ಮತ ಬಂತು. ಬಹುಮತ ಇತ್ತು, ಆದರೂ ಸತ್ತಿತು. ಆ ಐದು ಮತದ ಕೊರತೆಯಲ್ಲಿ ಎಷ್ಟು ಸಾವಿರ ಮಕ್ಕಳ ಕಾಲೇಜು, ಕೆಲಸ, ಮದುವೆ ಸಿಕ್ಕಿಬಿದ್ದಿತ್ತು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ. 2012ರಲ್ಲಿ ಒಬಾಮ ಡಾಕಾ ಎಂಬ ಆದೇಶದಿಂದ ಅವರಲ್ಲಿ ಹಲವರಿಗೆ ಎರಡೆರಡು ವರ್ಷದ ರಕ್ಷಣೆ ಕೊಟ್ಟರು. ಆಗ ಇಪ್ಪತ್ತು ವರ್ಷದವರಾಗಿದ್ದವರು ಈಗ ಮೂವತ್ತು ದಾಟಿ, ಇನ್ನೂ ಆ ಎರಡು ವರ್ಷದ ಕಾಗದವನ್ನೇ ನವೀಕರಿಸುತ್ತಿದ್ದಾರೆ.

ಅತಿ ಹತ್ತಿರ ಬಂದದ್ದು 2013. ನಾಲ್ವರು ಡೆಮಾಕ್ರಟರು, ನಾಲ್ವರು ರಿಪಬ್ಲಿಕನ್ನರು ಕೂತು ಬರೆದ ಮಸೂದೆ ಸೆನೆಟ್‌ನಲ್ಲಿ 68–32ರಿಂದ ಗೆದ್ದಿತು. ಬರೆದ ಎಂಟು ಮಂದಿಯಲ್ಲಿ ಇಂದಿನ ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ ಒಬ್ಬರು. ಗಡಿಗೆ ದುಡ್ಡು, ದಾಖಲೆಯಿಲ್ಲದವರಿಗೆ 13 ವರ್ಷದ ಪೌರತ್ವದ ದಾರಿ, ಎರಡೂ ಅದರಲ್ಲಿದ್ದವು. ಕೆಳಮನೆಯಲ್ಲಿ ಸ್ಪೀಕರ್ ಜಾನ್ ಬೇನರ್ ಅದನ್ನು ಮತಕ್ಕೇ ಹಾಕಲಿಲ್ಲ. ಸ್ವಂತ ಪಕ್ಷದ ಹೆಚ್ಚಿನ ಸದಸ್ಯರು ಬೇಡ ಎನ್ನುವುದನ್ನು ಸದನಕ್ಕೆ ತರುವುದಿಲ್ಲ ಎಂಬ ಪದ್ಧತಿ ಅಡ್ಡ ಬಂತು. 2014ರ ಜೂನ್‌ನಲ್ಲಿ ಸದನದ ಬಹುಮತದ ನಾಯಕ ಎರಿಕ್ ಕ್ಯಾಂಟರ್ ಅಂಥವರೇ ಪಕ್ಷದೊಳಗಿನ ಪ್ರೈಮರಿ ಚುನಾವಣೆಯಲ್ಲಿ, ವಲಸಿಗರ ಬಗ್ಗೆ ಮೆದು ಎಂಬ ಆರೋಪ ಹೊತ್ತು, ಅಷ್ಟೇನೂ ಹೆಸರಿಲ್ಲದ ಒಬ್ಬ ಪ್ರೊಫೆಸರ್ ಎದುರು ಸೋತರು. ಆ ರಾತ್ರಿಯೇ ಸುಧಾರಣೆ ಮುಗಿಯಿತು ಎಂದು ನಮ್ಮ ವಿಭಾಗದವರೆಲ್ಲ ಮಾತಾಡಿಕೊಂಡೆವು.

ಇಲ್ಲಿ ಗುಟ್ಟಿದೆ, ಮೇಷ್ಟ್ರೇ. ಪೌರತ್ವ ಕೊಡಿ ಎನ್ನುವ ಶೇ. 70 ಜನರಲ್ಲಿ ಅದೊಂದೇ ಕಾರಣಕ್ಕೆ ಓಟು ಬದಲಿಸುವವರು ಕಡಿಮೆ. ಬೇಡ ಎನ್ನುವವರಲ್ಲಿ ಅದೊಂದೇ ಕಾರಣಕ್ಕೆ ಪ್ರೈಮರಿ ದಿನ ಬೆಳಿಗ್ಗೆ ಎದ್ದು ಹೋಗಿ ಸಾಲಿನಲ್ಲಿ ನಿಲ್ಲುವವರು ಬಹಳ. ಪ್ರೈಮರಿಯಲ್ಲಿ ಮತ ಹಾಕುವವರೇ ಕೆಲವರು, ಅವರಲ್ಲಿ ಈ ಹಟದವರದೇ ಮೇಲುಗೈ. ಸಂಸದನಿಗೆ ಭಯ ಇರುವುದು ಅವರದು. 2024ರ ಫೆಬ್ರವರಿಯಲ್ಲಿ, ಪೌರತ್ವದ ಮಾತೇ ಇಲ್ಲದ, ಗಡಿ ಬಿಗಿ ಮಾಡುವುದೇ ಮುಖ್ಯವಾಗಿದ್ದ ಉಭಯಪಕ್ಷೀಯ ಮಸೂದೆಯೂ 49–50ರಲ್ಲಿ ನಿಂತುಹೋಯಿತು. ಅದು ಬೇಡ ಎಂದು ಟ್ರಂಪ್ ಹೇಳಿದ್ದರು, ಅಷ್ಟು ಸಾಕಾಯಿತು. ಡೆಮಾಕ್ರಟರ ಕೈಯೂ ಶುದ್ಧವಲ್ಲ. 2009ರಲ್ಲಿ ಎರಡೂ ಸದನ, ಅಧ್ಯಕ್ಷ ಪದವಿ ಮೂರೂ ಅವರ ಕೈಯಲ್ಲಿದ್ದಾಗ ವಲಸೆ ಸುಧಾರಣೆಯನ್ನು ಹಿಂದಕ್ಕೆ ಸರಿಸಿದರು. ಗಡಿಪಾರುಗಳು ಎಷ್ಟು ಹೆಚ್ಚಿದವು ಎಂದರೆ, 2014ರಲ್ಲಿ ಲ್ಯಾಟಿನೊ ಸಂಘಟನೆಯ ನಾಯಕಿಯೇ ಒಬಾಮರನ್ನು 'ಗಡಿಪಾರು ಮಾಡುವವರ ಮುಖ್ಯಸ್ಥ' ಎಂದು ಕರೆದರು. ಪ್ರತಿ ಚುನಾವಣೆಯಲ್ಲೂ ಅದೇ ಭರವಸೆ ಕೇಳಿ, ಪ್ರತಿ ಸಲವೂ ಬರಿಗೈ ಕಂಡ ಮತದಾರ ಆ ಭರವಸೆಗೆ ಬೆಲೆ ಕೊಡುವುದನ್ನು ಬಿಟ್ಟರೆ ತಪ್ಪು ಯಾರದು?

ಬೀದಿಗೆ ಪೊಲೀಸು ಬರುವ ಸಂದರ್ಭ ಈಗ ನಮ್ಮ ಕಣ್ಣ ಮುಂದಿದೆ. 2025ರ ಜೂನ್‌ನಿಂದ ಲಾಸ್ ಏಂಜಲೀಸ್‌ನಲ್ಲಿ ಕಾರು ತೊಳೆಯುವ ಕಡೆ, ಕೂಲಿಗಳು ನಿಲ್ಲುವ ಹಾರ್ಡ್‌ವೇರ್ ಅಂಗಡಿಗಳ ಮುಂದೆ ಏಜೆಂಟರು ಬಂದು ಜನರನ್ನು ಎಳೆದೊಯ್ದರು. ಜುಲೈನಲ್ಲಿ ಸಹಿಯಾದ ದೊಡ್ಡ ಬಜೆಟ್ ಕಾನೂನು, ಬಂಧನ ಕೇಂದ್ರಗಳಿಗೆ ಮಾತ್ರವೇ 45 ಶತಕೋಟಿ ಡಾಲರ್ ಇಟ್ಟಿತು. ಪೌರರಾಗಿದ್ದೂ ಪಾಸ್‌ಪೋರ್ಟ್ ಜೇಬಿನಲ್ಲಿಟ್ಟು ಕೆಲಸಕ್ಕೆ ಹೊರಡುವ ಜನರಿದ್ದಾರೆ ಈಗ. ಆ ವರ್ಷದ ನವೆಂಬರ್‌ನಲ್ಲಿ ನ್ಯೂ ಜೆರ್ಸಿ ಗವರ್ನರ್ ಚುನಾವಣೆ ನಡೆಯಿತು. ಲ್ಯಾಟಿನೊ ಜನ ದಂಡಿಯಾಗಿರುವ ಪಸೇಕ್ ಕೌಂಟಿ, 2024ರಲ್ಲಿ ಟ್ರಂಪ್ ಗೆದ್ದಿದ್ದ ಕೌಂಟಿ, ಡೆಮಾಕ್ರಟ್ ಮಿಕಿ ಶೆರಿಲ್ ಕಡೆಗೆ ದೊಡ್ಡ ಅಂತರದಿಂದ ತಿರುಗಿತು. ಅತ್ತ ಟೆಕ್ಸಸ್‌ನ ರಿಪಬ್ಲಿಕನ್ನರು 2025ರ ಆಗಸ್ಟ್‌ನಲ್ಲಿ ಐದು ಸೀಟು ಹೆಚ್ಚಿಗೆ ಗೆಲ್ಲುವ ಲೆಕ್ಕ ಹಾಕಿ ಕ್ಷೇತ್ರಗಳ ಗಡಿಯನ್ನೇ ಬದಲಿಸಿದರು. ಆ ಲೆಕ್ಕದ ಒಂದು ಪಾಲು, ದಕ್ಷಿಣ ಟೆಕ್ಸಸ್‌ನ ಲ್ಯಾಟಿನೊಗಳು 2024ರಲ್ಲಿ ಹಾಕಿದ ಹಾಗೆಯೇ ಮತ್ತೆ ಹಾಕುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಹಿಂದೆ ಡೆಮಾಕ್ರಟರು ಮಾಡಿದ ತಪ್ಪನ್ನೇ ಅವರೂ ಮಾಡುತ್ತಿದ್ದಾರೆ ಎಂದು ನನಗನ್ನಿಸುತ್ತದೆ. ಅರಿಜೋನಾದಲ್ಲಿ 2024ರಲ್ಲಿ ಟ್ರಂಪ್ ಗೆದ್ದ ದಿನವೇ ಡೆಮಾಕ್ರಟ್ ರೂಬೆನ್ ಗಾಯೆಗೊ ಸೆನೆಟ್‌ಗೆ ಗೆದ್ದರು. ಒಂದೇ ಮತಪತ್ರದಲ್ಲಿ ಎರಡು ಪಕ್ಷಕ್ಕೆ ಗುರುತು ಹಾಕಿದ ಈ ಮತದಾರರು ಯಾರ ಜೇಬಿನಲ್ಲೂ ಇಲ್ಲ.

ಕೊನೆಗೆ ನಿಮ್ಮ ಮಕ್ಕಳ ವಿಷಯ. ಸಂಬಂಧ ಇದೆ, ಮತ್ತು ನೇರವಾಗಿಯೇ ಇದೆ. ಉದ್ಯೋಗದ ಗ್ರೀನ್ ಕಾರ್ಡುಗಳಲ್ಲಿ ಯಾವ ಒಂದು ದೇಶಕ್ಕೂ ವರ್ಷಕ್ಕೆ ಸುಮಾರು ಶೇ. 7ಕ್ಕಿಂತ ಹೆಚ್ಚು ಪಾಲಿಲ್ಲ ಎಂಬ ಮಿತಿ ಇದೆ. ಭಾರತದಂಥ ದೊಡ್ಡ ದೇಶಕ್ಕೂ ಅಷ್ಟೇ, ಐಸ್‌ಲ್ಯಾಂಡ್‌ಗೂ ಅಷ್ಟೇ. ಬೆಂಗಳೂರಿನಿಂದ ಹೋದ ಎಂಜಿನಿಯರುಗಳು ದಶಕಗಟ್ಟಲೆ ಕಾಯುವುದು ಇದರಿಂದ. 2013ರ ಆ ಮಸೂದೆಯಲ್ಲಿ ಉದ್ಯೋಗದ ಗ್ರೀನ್ ಕಾರ್ಡಿಗೆ ಈ ಮಿತಿಯನ್ನು ತೆಗೆಯುವ ಅಂಶವೂ ಇತ್ತು. ದಾಖಲೆಯಿಲ್ಲದ ಕೂಲಿಯ ಕಾಗದ ಬಿದ್ದ ದಿನ ನಮ್ಮವರ ಕಾಗದವೂ ಬಿತ್ತು. ಆಮೇಲೆ ಬರೀ ಆ ಮಿತಿ ತೆಗೆಯುವ ಮಸೂದೆಯನ್ನೇ ಬೇರೆಯಾಗಿ ತಂದರು. 2019ರಲ್ಲಿ ಕೆಳಮನೆಯಲ್ಲಿ 365–65ರಿಂದ ಗೆದ್ದಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಅದರ ಬೇರೆ ರೂಪವನ್ನು ಒಪ್ಪಿತು. ಎರಡನ್ನೂ ಒಂದು ಮಾಡುವಷ್ಟರಲ್ಲಿ ಸದನದ ಅವಧಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಘೋಷಣೆ ಬಂದಾಗ, ಸಕ್ರಮವಾಗಿ ಹೋದವರಿಗೇನೂ ಆಗುವುದಿಲ್ಲ ಎಂದು ನೆಮ್ಮದಿಯಿಂದಿದ್ದ ನಮ್ಮ ಎಷ್ಟೋ ಮನೆಗಳಲ್ಲಿ ಆ ವಾರ ನಿದ್ದೆ ಬರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳ ಫೋನು ರಾತ್ರಿಯಿಡೀ ಬರುತ್ತಿತ್ತು.

ನಮ್ಮವರು 'ನಾವು ಲೈನಿನಲ್ಲಿ ನಿಂತವರು, ಅವರು ಬೇಲಿ ಹಾರಿದವರು' ಎಂದು ಬೇರೆ ನಿಲ್ಲಲು ನೋಡುತ್ತಾರೆ. ಮಗಳಿಗೆ ನೀವು ಹಾಗೆ ಹೇಳಿಕೊಡಬೇಡಿ ಎಂದು ನನ್ನ ಕಳಕಳಿಯ ಮಾತು. ಸದನದಲ್ಲಿ ಎರಡೂ ಒಂದೇ ಗಂಟಿನಲ್ಲಿದ್ದಾಗಲೇ ಗೆಲುವು ಅಷ್ಟು ಹತ್ತಿರ ಬಂದಿತ್ತು. ಜೊತೆಗೆ ಅವಳಿಗೆ ಮತದ ಹಕ್ಕಿಲ್ಲ, ಪಕ್ಕದ ಮನೆಯವರಿಗೆ ಇದೆ. ಅವಳ ಗ್ರೀನ್ ಕಾರ್ಡಿನ ಸರದಿಯನ್ನು ಬದಲಿಸಬಲ್ಲ ಸಂಸದನನ್ನು ಆರಿಸುವವರು ಅವರು.

ಮತ್ತೆ ಡಲ್ಲಾಸ್‌ಗೆ ಹೋದಾಗ ಆ ಮನೆಗೆ ಹೋಗಿ ಕೂತು ಮಾತಾಡಿ. ಟ್ರಂಪ್‌ಗೆ ಯಾಕೆ ಹಾಕಿದಿರಿ ಎಂದು ಕೇಳಬೇಡಿ, ಅದಕ್ಕೆ ಸಿಗುವ ಉತ್ತರ ನಿಮಗಾಗಲೇ ಗೊತ್ತು. ನಿಮ್ಮ ಮನೆಯಲ್ಲಿ ಮೊದಲು ಬಂದವರು ಯಾರು, ಅವರ ಕಾಗದ ಯಾವ ವರ್ಷ ಬಂತು ಎಂದು ಕೇಳಿ. 1986ರ ಆಚೀಚೆ ಎಂದರೆ ಆ ಅಜ್ಜಿಯ ಕಥೆಯಂಥದ್ದೊಂದು ಹೊರಬರುತ್ತದೆ. ಇನ್ನೂ ಕಾಗದ ಬಾರದವರು ಮನೆಯಲ್ಲಿ ಒಬ್ಬರಿದ್ದರೆ, ಮೊದಲ ಭೇಟಿಯಲ್ಲಿ ಅವರ ಹೆಸರು ಹೇಳುವುದಿಲ್ಲ. ಎರಡನೆಯ ಸಲವೂ ಹೋಗಿ.